ನಮ್ಮ ಮುಂದೆ ಇನ್ನೆಷ್ಟು ತೋಟ? ಸಾಗರದ ಸೀಮೆಯಲ್ಲಿ ಒಂದು ಆ್ಯಪ್ ಕಟ್ಟಿದ ಪ್ರಕರಣ

ಮೇ ತಿಂಗಳು ಮುಗಿಯುತ್ತಾ ಬಂದರೆ ಶಿವಮೊಗ್ಗ ಜಿಲ್ಲೆಯ ಸಾಗರದ ಸೀಮೆಯಲ್ಲಿ ಇಬ್ಬರು ಅಡಿಕೆ ಬೆಳೆಗಾರರು ಎದುರಾದಾಗ ಕೇಳುವ ಪ್ರಶ್ನೆ ಒಂದೇ. "ಕೊನೆಗೌಡ ಸಿಕ್ಕಿದ್ನಾ?"

ಘಟ್ಟದ ಕೆಳಗಿನವರಿಗೆ, ಬಯಲುಸೀಮೆಯವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವರು, ಸುಗ್ಗಿಯಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವವರು ಕೊನೆಗೌಡರು. ಮಳೆಗಾಲದಲ್ಲಿ ಫೈಟೋಫ್ತೋರಾ ಎಂಬ, ಬೂಸ್ಟಿನ ಹಾಗೆ ಬೆಳೆಯುವ ಜೀವಿಯಿಂದ ಎಳೆ ಅಡಿಕೆಗೆ ಕೊಳೆ ಬರುತ್ತದೆ. ಬಂತು ಅಂದರೆ ಕಾಯಿ ಉದುರಿ ಮರದ ಬುಡ ಹಸಿರಾಗುತ್ತದೆ. ಅದಕ್ಕೆ ಮಳೆ ಹಿಡಿಯುವ ಮುಂಚೆ ಒಂದು ಸಲ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಔಷಧಿ, ಹೊಡೆಸಬೇಕು. ಅಲ್ಲಿಂದ 40–45 ದಿನಕ್ಕೆ ಎರಡನೇ ಸಲ. ಮಳೆ ಎಳೆದರೆ ಮೂರನೆಯದೂ ಬೇಕು. ಎಲ್ಲರ ತೋಟಕ್ಕೂ ಅದೇ ವಾರ ಬೇಕು, ಮರ ಹತ್ತುವವರು ಮಾತ್ರ ಕೈಬೆರಳೆಣಿಕೆ.

ಹೋದ ವರ್ಷ ಫೆಬ್ರವರಿಯಲ್ಲಿ ನಮ್ಮ ಊರಿನ ಸೊಸೈಟಿಯ ಕಾರ್ಯದರ್ಶಿ ನನ್ನನ್ನು ಕರೆದರು. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವವನು. ಆ್ಯಪ್‌ಗಳು ಹೇಗಿರಬೇಕು, ಹೇಗೆ ನಡೆದುಕೊಳ್ಳಬೇಕು ಅಂತ ರೂಪಿಸುವುದು ನನ್ನ ಹೊಟ್ಟೆಪಾಡು. "ನೀನು ಅದೇ ಕೆಲಸ ಮಾಡೋದಲ್ವಾ ಮಾರಾಯಾ? ಓಲಾದಲ್ಲಿ ಕಾರು ಕರೀತಾರಲ್ಲ, ಹಾಗೆ ಕೊನೆಗೌಡನ್ನ ಕರಿಯೋಕೆ ಒಂದು ಮಾಡಿಕೊಡು" ಅಂದರು. ನಾನು ಹೂಂ ಅಂದೆ. ಅವತ್ತು ರಾತ್ರಿಯೇ ಕೂತು ಐದು ಪರದೆ ಬರೆದೆ. ತೋಟದ ನಕ್ಷೆ, ತಾರೀಕು ಆರಿಸುವ ಕ್ಯಾಲೆಂಡರ್, "ಬುಕ್ ಮಾಡಿ" ಎಂಬ ಹಸಿರು ಗುಂಡಿ. ನೋಡೋಕೆ ಚೆಂದ ಇತ್ತು.

ಆ ಐದರಲ್ಲಿ ಒಂದೂ ಇವತ್ತು ಬಳಕೆಯಲ್ಲಿ ಇಲ್ಲ. ಒಂದೊಂದೂ ಎಲ್ಲಿ ಬಿದ್ದುಹೋಯಿತು ಅಂತ ಬರೆಯುತ್ತಿದ್ದೇನೆ.

ಜಗಲಿಯಿಂದ ಜಗಲಿಗೆ

ಬಳಸುವವರನ್ನು ನಡುವೆ ಇಟ್ಟುಕೊಂಡು ವಿನ್ಯಾಸ ಮಾಡುವುದಕ್ಕೆ ಐಎಸ್ಒ 9241-210 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ. 2010ರಲ್ಲಿ ಬಂತು, 2019ರಲ್ಲಿ ಪರಿಷ್ಕರಣೆ ಆಯಿತು. ಅದು ಹೇಳುವ ಮೊದಲ ಕೆಲಸ ಯಾರು, ಎಲ್ಲಿ, ಏನು ಮಾಡುತ್ತಾ ಇದನ್ನು ಬಳಸುತ್ತಾರೆ ಅಂತ ತಿಳಿದುಕೊಳ್ಳುವುದು. ಆಫೀಸಿನಲ್ಲಿ ಇದನ್ನು ಬೇರೆಯವರಿಗೆ ಪಾಠ ಮಾಡುವವನು ನಾನು. ಊರಿನ ವಿಷಯಕ್ಕೆ ಬಂದಾಗ "ನನಗೆ ಗೊತ್ತಿರೋದೇ ಅಲ್ವಾ" ಅಂದುಕೊಂಡು ಹಾರಿಸಿಬಿಟ್ಟಿದ್ದೆ. ಊರಿನವನೇ ಊರಿಗೆ ವಿನ್ಯಾಸ ಮಾಡುವಾಗ ಈ ತಪ್ಪು ಜಾಸ್ತಿ ಆಗುತ್ತದೆ ಅಂತ ಈಗ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಔಷಧಿ ಹೊಡೆಸುವ ಏರ್ಪಾಡು ಅಪ್ಪನದು. ನಾನು ಚಿಕ್ಕವನಿದ್ದಾಗ ಪೈಪು ಎಳೆದದ್ದು ಬಿಟ್ಟರೆ ಬೇರೇನೂ ಮಾಡಿದವನಲ್ಲ.

ಹಾಗಾಗಿ ಪರದೆಗಳನ್ನು ಮುಚ್ಚಿಟ್ಟು ಬೈಕ್ ಹತ್ತಿದೆ. ಹನ್ನೊಂದು ಬೆಳೆಗಾರರ ಮನೆ, ಮೂರು ಕೊನೆಗೌಡರ ತಂಡ. ಪ್ರಶ್ನೆ ಪಟ್ಟಿ ಒಯ್ದಿದ್ದೆ. ಎರಡನೇ ಮನೆಗೇ ಅದನ್ನು ಜೇಬಿಗೆ ಹಾಕಿಕೊಂಡೆ. ಮಲೆನಾಡಿನಲ್ಲಿ ಮನೆಗೆ ಬಂದವನಿಗೆ ಯಾರೂ "ಬೇಡ" ಅನ್ನುವುದಿಲ್ಲ. "ಇಂಥ ಆ್ಯಪ್ ಬಂದರೆ ಬಳಸುತ್ತೀರಾ?" ಅಂದರೆ "ಓ, ಒಳ್ಳೇದೇ, ಮಾಡಿ ಮಾಡಿ" ಅಂತ ಕಷಾಯ ಕೊಟ್ಟು ಕಳಿಸುತ್ತಾರೆ. ಅದನ್ನು ನಂಬಿ ಹೊರಟರೆ ಕೆಟ್ಟಂತೆಯೇ. ಆಮೇಲೆ ನಾನು ಕೇಳಿದ್ದು ಒಂದೇ: "ಹೋದ ಮಳೆಗಾಲದಲ್ಲಿ ಔಷಧಿ ಹೊಡೆಸಿದ್ದು ಹೇಗೆ? ಮೊದಲಿಂದ ಹೇಳಿ." ಆಮೇಲೆ ಸುಮ್ನೆ ಕೂತು ಕೇಳುವುದು. ಬರುವ ಮಾತಿನಲ್ಲಿ ಆ್ಯಪ್ ಇರುವುದಿಲ್ಲ, ಆದರೆ ಆ್ಯಪ್‌ಗೆ ಬೇಕಾದ್ದೆಲ್ಲ ಇರುತ್ತದೆ.

ನೋಡಿ ಕಲಿಯುವ ವಿಷಯ ಬಂದಾಗ ಬೋರ್ಡೋದ ಹುಟ್ಟಿನ ಕಥೆಯನ್ನೇ ಹೇಳಬೇಕು. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳಬಾರದು ಅಂತ ರಸ್ತೆ ಬದಿಯ ದ್ರಾಕ್ಷಿ ಬಳ್ಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ನೀಲಿ ಬಣ್ಣ ನೋಡಿದರೆ ಬಾಯಿಗೆ ಹಾಕಲು ಹೆದರಿಕೆ. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋಗುವಾಗ ಬಳಿದ ಬಳ್ಳಿಗೆ ರೋಗ ಬಂದಿಲ್ಲ, ಒಳಗಿನದಕ್ಕೆ ಬಂದಿದೆ ಅಂತ ಗಮನಿಸಿದ. ರೈತರು ಕಳ್ಳರಿಗೆ ಅಂತ ಮಾಡಿದ್ದು ರೋಗಕ್ಕೆ ಮದ್ದಾಯಿತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ನಮ್ಮ ಕೊಳೆರೋಗವನ್ನು ಅಭ್ಯಾಸ ಮಾಡಿ ಅದೇ ಮದ್ದನ್ನು ಅಡಿಕೆ ತೋಟಕ್ಕೆ ತಂದರು. ಪ್ರಶ್ನೆ ಪಟ್ಟಿ ಹಿಡಿದು ಹೋಗಿದ್ದರೆ ಮಿಲಾರ್ಡೆಗೆ ಸಿಗುತ್ತಿದ್ದ ಉತ್ತರ "ಕಳ್ಳರ ಕಾಟ" ಅಂತ ಮಾತ್ರ.

ನನಗೆ ಸಿಕ್ಕ ಬಳಿದ ಬಳ್ಳಿ ಯಾವುದು ಅಂದರೆ ಒಂದು ಗೋಡೆ ಕ್ಯಾಲೆಂಡರ್.

ಕೊನೆಗೌಡರೊಬ್ಬರ ಮನೆಗೆ ಮೂರು ಸಲ ಹೋದರೂ ಅವರು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಹಗಲೆಲ್ಲ ಮರದ ತುದಿಯಲ್ಲಿ. ಒಂದು ಮರ ತೂಗಿ ಇನ್ನೊಂದಕ್ಕೆ ದಾಟುವ ಮನುಷ್ಯ ಫೋನ್ ಎತ್ತುವುದುಂಟೇ. ಫೋನು ಪ್ಲಾಸ್ಟಿಕ್ ಕೊಟ್ಟೆಯೊಳಗೆ, ಕೊಟ್ಟೆ ಬೈಕಿನ ಬಾಕ್ಸಿನೊಳಗೆ. ಬೆಳೆಗಾರರು ಫೋನ್ ಮಾಡುವುದು ಅವರ ಹೆಂಡತಿಗೆ. ಮೂರನೇ ಸಲ ಹೋದಾಗ ಆ ಅಕ್ಕನ ಹತ್ತಿರವೇ ಮಾತಾಡುತ್ತಾ ಕೂತೆ. ಅಡುಗೆಮನೆ ಬಾಗಿಲ ಪಕ್ಕ ಕ್ಯಾಲೆಂಡರ್ ತೂಗಿತ್ತು, ಹೋದ ವರ್ಷದ್ದು. ಜೂನ್ ಪುಟ ಹಾಗೇ ಇತ್ತು. ಪೆನ್ಸಿಲಿನಲ್ಲಿ ಮನೆ ಹೆಸರುಗಳು. "ಮೇಲಿನಮನೆ", "ಹಳ್ಳದಾಚೆ", "ಹೊಸತೋಟ". ಪ್ರತಿ ಹೆಸರಿನ ಕೆಳಗೆ ಒಂದು ಅಂಕಿ. ಚೌಕದಿಂದ ಚೌಕಕ್ಕೆ ಬಾಣದ ಗುರುತು. ಬಾಣದ ಮೇಲೆ ಇನ್ನೊಂದು ಬಾಣ. ತಿಂಗಳ ನಡುವೆ ಆರು ಚೌಕ ಪೂರ್ತಿ ಖಾಲಿ.

"ಇದೇನಕ್ಕಾ, ಈ ವಾರ ಕೆಲಸ ಇರಲಿಲ್ವಾ?"

"ಹೊಳವಾಗಲೇ ಇಲ್ಲವಲ್ಲ ತಮ್ಮಾ. ಮಳೆ."

ಅದಾದ ಮೇಲೆ ಬಾಣಗಳ ಅರ್ಥ ಕೇಳಿದೆ. ತಾರೀಕಿನ ಚೌಕ ಅವರಿಗೆ ಬರೀ ಬರೆಯುವ ಜಾಗ. ಲೆಕ್ಕಕ್ಕೆ ಇದ್ದದ್ದು ಯಾರ ಹಿಂದೆ ಯಾರು ಅನ್ನುವುದು. ಅಂದರೆ ಪಾಳಿ. ಮಳೆ ಬಂದರೆ ಇಡೀ ಪಾಳಿ ಹಾಗೇ ಮುಂದೆ ಸರಿಯುತ್ತದೆ, ಕ್ರಮ ಬದಲಾಗುವುದಿಲ್ಲ.

ಮನೆಗೆ ಬಂದು ಹನ್ನೊಂದು ಮನೆಯ ಟಿಪ್ಪಣಿ ಮತ್ತೆ ಓದಿದೆ. "ಯಾವತ್ತು ಬರ್ತಾರೆ?" ಅಂತ ಯಾರೂ ಕೇಳಿರಲಿಲ್ಲ. ಎಲ್ಲರೂ ಕೇಳುತ್ತಿದ್ದುದು "ನಮ್ಮ ಮುಂದೆ ಇನ್ನೆಷ್ಟು ತೋಟ ಇದೆ?" ಅಂತ. ನಾನೇ ಕೈಯಾರೆ ಬರೆದುಕೊಂಡ ವಾಕ್ಯ, ಆರೇಳು ಕಡೆ. ಕಣ್ಣಿಗೆ ಬಿದ್ದಿರಲಿಲ್ಲ. ತಾರೀಕು ಆರಿಸುವ ಪರದೆ ಅಲ್ಲಿಗೆ ಸತ್ತಿತು.

ಸಮಸ್ಯೆಯನ್ನು ಮತ್ತೆ ಬರೆದದ್ದು

ವಿನ್ಯಾಸದವರು ಎರಡು ವಜ್ರದ ಚಿತ್ರ ಬರೆಯುತ್ತಾರೆ. ಬ್ರಿಟನ್ನಿನ ಡಿಸೈನ್ ಕೌನ್ಸಿಲ್ 2005ರ ಸುಮಾರಿಗೆ ಹರಡಿದ್ದು. ಮೊದಲ ವಜ್ರದಲ್ಲಿ ಅಗಲವಾಗಿ ಹುಡುಕಿ, ಕೊನೆಗೆ ಸಮಸ್ಯೆ ಏನು ಅಂತ ಒಂದು ಮೊನೆಗೆ ಬರಬೇಕು. ಎರಡನೆಯದರಲ್ಲಿ ಪರಿಹಾರಕ್ಕೆ ಮತ್ತೆ ಅಗಲವಾಗಿ, ಮತ್ತೆ ಮೊನೆಗೆ. ಚಿತ್ರ ಅಚ್ಚುಕಟ್ಟಾಗಿದೆ. ನಿಜದಲ್ಲಿ ನಾನು ಎರಡನೇ ವಜ್ರದಿಂದ ಮೊದಲನೆಯದಕ್ಕೆ ಮೂರು ಸಲ ವಾಪಸ್ ಬಂದೆ. ಆದರೂ ಆ ನಡುವಿನ ಮೊನೆ ಒಂದು ಕೆಲಸದ ವಿಷಯ. ಅಲ್ಲಿ ಒಂದೇ ವಾಕ್ಯ ಬರೆಯಬೇಕು.

ಕಾರ್ಯದರ್ಶಿ ಕೊಟ್ಟ ವಾಕ್ಯ: ಬೆಳೆಗಾರರು ಕೊನೆಗೌಡರನ್ನು ಕರೆಯಲು ಆ್ಯಪ್ ಬೇಕು. ನಾವು ಬರೆದದ್ದು: ಪಾಳಿ ಬರುವ ಹಿಂದಿನ ಸಂಜೆ ಬೆಳೆಗಾರರಿಗೆ ಅದು ಗೊತ್ತಾಗಬೇಕು, ಅದಕ್ಕಾಗಿ ಆ ಅಕ್ಕನಿಗೆ ಒಂದು ಫೋನ್ ಕರೆಯೂ ಜಾಸ್ತಿ ಆಗಬಾರದು.

ಹಿಂದಿನ ಸಂಜೆಯೇ ಯಾಕೆ? 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಇದು ಶೇಕಡಾ 1ರ ಬೋರ್ಡೋ. ಹರಳಿನ ಮೈಲುತುತ್ತ ಬೇಗ ಕರಗುವುದಿಲ್ಲ. ಬಟ್ಟೆಯಲ್ಲೋ ಗೋಣಿಯಲ್ಲೋ ಕಟ್ಟಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ರಾತ್ರಿಯೇ ಇಳಿಬಿಡುತ್ತಾರೆ. ಕಬ್ಬಿಣದ ಪಾತ್ರೆ ಆಗದು, ತಿಂದುಹಾಕುತ್ತದೆ. ಬೆಳಿಗ್ಗೆ ಸುಣ್ಣದ ನೀರು ಸೇರಿಸಬೇಕು. ಹದ ಬಂತೋ ಇಲ್ಲವೋ ನೋಡಲು ಹೊಳೆಯುವ ಚಾಕು ಅದ್ದುತ್ತಾರೆ. ಚಾಕುವಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಸುಣ್ಣ ಸೇರಿಸಿದ ಮೇಲೆ ಅವತ್ತೇ ಹೊಡೆದು ಮುಗಿಸಬೇಕು. ಜತೆಗೆ ನಾಲ್ಕು ಜನಕ್ಕೆ ತಿಂಡಿ, ಊಟ, ಪಂಪಿಗೆ ಪೆಟ್ರೋಲ್. ಬೆಳಿಗ್ಗೆ ಏಳಕ್ಕೆ ಬಾಗಿಲಿಗೆ ಬಂದು ನಿಂತರೆ ಯಾರ ಮನೆಯಲ್ಲೂ ತಯಾರಿ ಇರುವುದಿಲ್ಲ. ವಾರ ಮೊದಲೇ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ, ಮಳೆ ಕೇಳಬೇಕಲ್ಲ.

ಇನ್ನೊಂದು ಪರದೆಯೂ ಇಲ್ಲೇ ಬಿತ್ತು. ನನ್ನ ಪರದೆಯಲ್ಲಿ "ತೋಟ ಎಷ್ಟು ಎಕರೆ?" ಅಂತ ಇತ್ತು. ಅದನ್ನು ಕೇಳಿದರೆ ಸಾಕು, ಒಬ್ಬರು ಪಹಣಿ ತರಲು ಒಳಗೆ ಹೋದರು, ಇನ್ನೊಬ್ಬರು "ಸೊಪ್ಪಿನಬೆಟ್ಟ ಸೇರಿಸಿಯೋ, ಬಿಟ್ಟೋ?" ಅಂದರು, ಮತ್ತೊಬ್ಬರಿಗೆ ಅಣ್ಣತಮ್ಮಂದಿರ ಹಿಸೆಯ ವಿಷಯ ನೆನಪಾಗಿ ಮಾತು ಎಲ್ಲಿಗೋ ಹೋಯಿತು. ಕೊನೆಗೌಡರಿಗೆ ಎಕರೆ ಬೇಕಾಗಿಯೇ ಇಲ್ಲ. ಕ್ಯಾಲೆಂಡರಿನಲ್ಲಿ ಹೆಸರಿನ ಕೆಳಗಿದ್ದ ಅಂಕಿ ಡ್ರಮ್ಮಿನ ಲೆಕ್ಕ. "ಅವರದ್ದು ಏಳು ಡ್ರಮ್ಮಿನ ತೋಟ" ಅಂದರೆ ಒಂದು ದಿನದ ಕೆಲಸವೋ ಎರಡು ದಿನದ್ದೋ ಅಂತ ಅವರಿಗೆ ತಿಳಿಯುತ್ತದೆ. ನಮ್ಮ ಕಡೆ ಬಳಸುವುದು 200 ಲೀಟರಿನ ಡ್ರಮ್. ಹಾಗಾಗಿ ಪ್ರಶ್ನೆ "ಹೋದ ಸಲ ಎಷ್ಟು ಡ್ರಮ್ ಹಿಡಿದಿತ್ತು?" ಅಂತ ಬದಲಾಯಿತು. ಉತ್ತರ ಎಲ್ಲರ ನಾಲಿಗೆ ತುದಿಯಲ್ಲೇ ಇತ್ತು. ಮೈಲುತುತ್ತ ಎಷ್ಟು ಕೆಜಿ ಬೇಕು ಅನ್ನುವ ಲೆಕ್ಕವೂ ಅದರಿಂದಲೇ ಬಂತು, ಡ್ರಮ್ಮಿಗೆ ಎರಡು.

ರಟ್ಟಿನ ಫೋನು

ಏಪ್ರಿಲ್‌ನಲ್ಲಿ ಕಾಗದದ ಮೇಲೆ ಪರದೆ ಬರೆದು, ಫೋನಿನ ಅಳತೆಗೆ ಕತ್ತರಿಸಿದ ರಟ್ಟಿನೊಳಗೆ ತೂರಿಸಿ ತೋರಿಸಿದೆ. ಬೆರಳಿಟ್ಟ ಕಡೆಗೆ ನಾನು ಕಾಗದ ಬದಲಿಸುವುದು. ಕಂಪ್ಯೂಟರಿನಲ್ಲಿ ಮಾಡಿದ್ದು ತೋರಿಸಿದರೆ ಜನ "ಚೆನ್ನಾಗಿದೆ" ಅನ್ನುತ್ತಾರೆ. ಪೆನ್ಸಿಲಿನದಾದರೆ "ಇದು ತಪ್ಪು" ಅನ್ನಲು ಸಂಕೋಚ ಇಲ್ಲ. ಎಷ್ಟು ಜನರಿಗೆ ತೋರಿಸಬೇಕು? ಬಳಕೆಯ ಪರೀಕ್ಷೆಯಲ್ಲಿ ಹೆಸರಾದ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದ ಒಂದು ಮಾತು ನಮ್ಮ ವೃತ್ತಿಯಲ್ಲಿ ಗಾದೆಯಂತೆ ಓಡಾಡುತ್ತದೆ: ಐದು ಜನ ಸಾಕು, ಬಳಕೆಯ ತೊಡಕುಗಳಲ್ಲಿ ಸುಮಾರು ಶೇಕಡಾ 85 ಅಷ್ಟರಲ್ಲೇ ಕಾಣುತ್ತವೆ. ಅವರ ಮಾತಿನ ಉಳಿದರ್ಧವನ್ನು ಜನ ಮರೆಯುತ್ತಾರೆ. ಐದು ಜನರಿಗೆ ತೋರಿಸಿ, ತಿದ್ದಿ, ಮತ್ತೆ ಐದು ಜನರಿಗೆ ತೋರಿಸಿ ಅನ್ನುವುದು ಅದು. ಬಳಸುವವರು ಎರಡು ಬಗೆಯವರಾದರೆ ಎರಡೂ ಬಗೆಯವರು ಬೇರೆ ಬೇರೆ ಬೇಕು.

ಮೊದಲ ಸುತ್ತಿನಲ್ಲಿ "ಬುಕ್ ಮಾಡಿ" ಗುಂಡಿಯ ಮೇಲೆ ಯಾರೂ ಬೆರಳಿಡಲಿಲ್ಲ. ಒಬ್ಬ ಅಜ್ಜಿ, ಗಂಡ ಹೋದ ಮೇಲೆ ತೋಟ ಒಬ್ಬರೇ ನೋಡಿಕೊಳ್ಳುವವರು, ಬೆರಳನ್ನು ಗುಂಡಿಯ ಮೇಲೆ ಗಾಳಿಯಲ್ಲೇ ನಿಲ್ಲಿಸಿದರು. "ಒತ್ತಿದ್ರೆ ದುಡ್ಡು ಹೋಗ್ತದಾ?" ಬಸ್ಸಿಗೆ ಬುಕ್ ಮಾಡಿದ್ದರು ಅವರು, ಬುಕ್ ಅಂದರೆ ಮೊದಲೇ ದುಡ್ಡು. ಇನ್ನೊಬ್ಬರಿಗೆ ಬೇರೆ ಹೆದರಿಕೆ. "ಒತ್ತಿ ಆಮೇಲೆ ಬೇಡ ಅಂದ್ರೆ ಕೊನೆಗೌಡಂಗೆ ಬೇಜಾರಾಗಲ್ವಾ?" ನಾನು ಕೇಳಿದೆ, "ಹಾಗಾದ್ರೆ ಈಗ ಏನು ಮಾಡ್ತೀರಿ?" "ಸುಮ್ನೆ ಹೇಳಿಟ್ಟಿರ್ತೀನಿ."

ಹೇಳಿಡುವುದು! ನಮ್ಮ ಕಡೆ ಕೊನೆಗೌಡನಿಗೆ, ಅಡುಗೆಯವರಿಗೆ, ಪುರೋಹಿತರಿಗೆ, ಎಲ್ಲರಿಗೂ ಹೇಳಿಡುವುದೇ. ಅದರಲ್ಲಿ ಮಾತು ಇದೆ, ಕಟ್ಟು ಇಲ್ಲ. ಗುಂಡಿಯ ಮೇಲೆ "ಹೇಳಿಡಿ" ಅಂತ ಬರೆದೆ. ಎರಡನೇ ಸುತ್ತಿನಲ್ಲಿ ಐವರಲ್ಲಿ ನಾಲ್ವರು ಕೇಳದೆಯೇ ಒತ್ತಿದರು. ಐದನೆಯವರು ಕನ್ನಡಕ ಮರೆತು ಬಂದಿದ್ದರು.

ಔಷಧಿಗೆ ಅಂತ ಒಂದು ಹನಿಯ ಚಿತ್ರ ಹಾಕಿದ್ದೆ. ಎಲ್ಲರೂ ಮಳೆ ಅಂದರು. ಮಲೆನಾಡಿನವನಾಗಿ ಹನಿಯ ಚಿತ್ರ ಹಾಕಿದೆನಲ್ಲ ಅಂತ ನನಗೇ ನಗು ಬಂತು. ಚಿತ್ರ ತೆಗೆದು "ಔಷಧಿ" ಅಂತಲೇ ಬರೆದೆ. ಅಕ್ಷರದ ವಿಷಯದಲ್ಲಿ ಒಂದು ಎಚ್ಚರ: ಇಂಗ್ಲಿಷಿಗೆ ಅಂತ ಇಟ್ಟ ಸಾಲಿನ ಅಂತರದಲ್ಲಿ ಕನ್ನಡ ಹಾಕಿದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. "ಮೈಲುತುತ್ತ"ದ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತಿತ್ತು. ಅಂತರ ಹೆಚ್ಚಿಸಿದೆ, ಪರದೆಗೆ ಹಿಡಿಯುವ ಮಾತು ಕಡಿಮೆ ಆಯಿತು. ಅದರಿಂದ ಒಳ್ಳೆಯದೇ ಆಯಿತು.

ಕೈಯಲ್ಲೇ ನಡೆಸಿದ ಮೊದಲ ಔಷಧಿ

ಮೇ ಕೊನೆಗೆ ಮೊದಲ ಔಷಧಿ ಶುರು. ಒಂದು ಸಾಲು ಕೋಡ್ ಬರೆದಿರಲಿಲ್ಲ. ಬೇಕೆಂದೇ. ಯಂತ್ರ ಮಾಡುವ ಕೆಲಸವನ್ನು ಪರದೆಯ ಹಿಂದೆ ಮನುಷ್ಯನೇ ಕೂತು ಮಾಡಿ, ಎದುರಿನವರಿಗೆ ಯಂತ್ರದಂತೆ ತೋರಿಸುವ ಪದ್ಧತಿಯೊಂದಿದೆ. ನಮ್ಮ ಗೊಂಬೆಯಾಟ ನೋಡಿದವರಿಗೆ ವಿವರಿಸಬೇಕಿಲ್ಲ. ಅಕ್ಕ ಸಂಜೆ ನನಗೆ ಪಾಳಿ ಹೇಳುವುದು, ನಾನು ವಾಟ್ಸ್ಆ್ಯಪ್‌ನಲ್ಲಿ ಮನೆಮನೆಗೆ ಮೆಸೇಜ್ ಹಾಕುವುದು.

ಇಲ್ಲಿ ನಾನೊಂದು ದೊಡ್ಡ ಎಡವಟ್ಟು ಮಾಡಿದೆ. ಎಲ್ಲರಿಗೂ ಎಲ್ಲವೂ ಕಂಡರೆ ಒಳ್ಳೆಯದು ಅಂತ ಇಡೀ ಪಾಳಿಯನ್ನು ಒಂದು ಗುಂಪಿನಲ್ಲಿ ಹಾಕಿಬಿಟ್ಟೆ. ಎರಡು ದಿನ ಎಲ್ಲರೂ ಹೆಬ್ಬೆಟ್ಟು ಎತ್ತಿದರು. ಮೂರನೇ ಸಂಜೆ ಒಂಬತ್ತನೇ ಮನೆ ಮೂರನೇ ಜಾಗಕ್ಕೆ ಬಂತು. ಗುಂಪಿನಲ್ಲಿ ಹತ್ತು ನಿಮಿಷ ಸದ್ದಿಲ್ಲ. ಆಮೇಲೆ "ಇದ್ಯಾವ ಲೆಕ್ಕ?" ಅಂತ ಒಂದು ಬಂತು. ಆಮೇಲೆ ಕೇಳಬೇಡಿ. ಹಳೇ ಬೇಲಿ ಜಗಳ, ಯಾರೋ ಹಿಂದಿನ ವರ್ಷ ಮಜೂರಿ ಬಾಕಿ ಇಟ್ಟದ್ದು, ಎಲ್ಲ ಹೊರಗೆ ಬಂತು.

ಒಂಬತ್ತನೇ ಮನೆ ಆ ಅಜ್ಜಿಯದು. ಅವರ ತೋಟದ ಕೆಳ ಅಂಚು ಹಳ್ಳಕ್ಕೆ ತಾಗಿದೆ, ಥಂಡಿ ಜಾಗ, ಊರಿಗೆಲ್ಲ ಮೊದಲು ಕೊಳೆ ಕಾಣುವುದು ಅಲ್ಲೇ. ಕೊನೆಗೌಡರು ಪ್ರತಿವರ್ಷ ಅದನ್ನು ಮುಂದೆ ಹಾಕಿಕೊಳ್ಳುತ್ತಿದ್ದರು. ಯಾರಿಗೂ ಕಾಣುತ್ತಿರಲಿಲ್ಲ, ಹಾಗಾಗಿ ಯಾರೂ ಕೇಳುತ್ತಿರಲಿಲ್ಲ. ಅವರು ಮಾಡಿದ್ದು ಸರಿಯೇ. ನನ್ನ ಪಟ್ಟಿಯಲ್ಲಿ ಮಾತ್ರ ಅದು ಮೋಸದ ಹಾಗೆ ಕಂಡಿತು.

ಅಕ್ಕ ಫೋನ್ ಮಾಡಿ "ತಮ್ಮಾ, ನಿನ್ನ ಪಟ್ಟಿ ಬಂದ ಮೇಲೆ ಬೈಗುಳ ಜಾಸ್ತಿ ಆಯ್ತು ನೋಡು" ಅಂದರು. ಗುಂಪು ಮುಚ್ಚಿದೆ.

ಅಂದಿನಿಂದ ಒಬ್ಬರಿಗೆ ಅವರ ಪಾಳಿ ಮಾತ್ರ. ಆದರೆ ತೊಡಕು ಉಳಿದೇ ಇತ್ತು. ಜನಕ್ಕೆ ಬೇಕಾದದ್ದು ಅಂಕಿ. ನಾಲ್ಕು ಇದ್ದದ್ದು ಮರುದಿನ ಆರಾದರೆ ಸಿಟ್ಟು. ಅಂಕಿ ಬಿಟ್ಟು "ಇನ್ನೂ ಇದೆ", "ಹತ್ತಿರ ಬಂತು" ಅಂತ ಬರೀ ಮಾತು ಹಾಕಿ ನೋಡಿದೆ. "ಹತ್ತಿರ ಅಂದ್ರೆ ಎಷ್ಟು?" ಅಂತ ಅಕ್ಕನಿಗೇ ಫೋನ್. ಇದನ್ನು ಬಿಡಿಸಿದವರೂ ಅವರೇ. ಬೇಳೆ ಆರಿಸುತ್ತಾ ಹೇಳಿದರು: "ಮೂರರ ಒಳಗೆ ಬಂದವರನ್ನ ನಾನು ಯಾವತ್ತೂ ಹಿಂದೆ ಹಾಕಲ್ಲ. ಅವರು ಮೈಲುತುತ್ತ ತಂದಾಗಿರ್ತದೆ." ಅಷ್ಟು ವರ್ಷದಿಂದ ಅವರು ನಡೆಸಿಕೊಂಡು ಬಂದ ನಿಯಮ, ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಈಗ ಮೂರಕ್ಕಿಂತ ದೂರ ಇದ್ದರೆ ಮಾತು, ಮೂರರಿಂದ ಅಂಕಿ. ಅಂಕಿ ಒಮ್ಮೆ ಕಂಡರೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಇಡೀ ಉತ್ಪನ್ನದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಇದರಲ್ಲಿ ನನ್ನದೇನೂ ಇಲ್ಲ.

ಕಟ್ಟಿದ್ದು

ಜೂನ್‌ನಲ್ಲಿ ಗೆಳೆಯನೊಬ್ಬ ಕೋಡ್ ಬರೆದ. ಇದರ ಬಗ್ಗೆ ಹೇಳುವುದು ಕಡಿಮೆ. ಅಕ್ಕನ ಫೋನಿನಲ್ಲಿ ಒಂದೇ ಪರದೆ. ಮನೆ ಹೆಸರುಗಳ ಸಾಲು, ಬೆರಳಿನಿಂದ ಹಿಡಿದು ಮೇಲೆ ಕೆಳಗೆ ಸರಿಸುವುದು, ಸಂಜೆ "ಆಯ್ತು" ಅಂತ ಒತ್ತುವುದು. ನೆಟ್‌ವರ್ಕ್ ಇಲ್ಲದಿದ್ದರೂ ಸರಿಸಬಹುದು, ಬಂದಾಗ ತಾನೇ ಹೋಗುತ್ತದೆ. ಬೆಳೆಗಾರರಿಗೆ ಆ್ಯಪ್ ಇಲ್ಲವೇ ಇಲ್ಲ. ಸಣ್ಣದೊಂದು ವೆಬ್ ಪುಟದಲ್ಲಿ "ಹೇಳಿಡಿ" ಗುಂಡಿ, ಉಳಿದದ್ದೆಲ್ಲ ಎಸ್ಸೆಮ್ಮೆಸ್. ಕೀಪ್ಯಾಡ್ ಫೋನಿನವರು ಸೊಸೈಟಿಗೆ ಬಂದು ಹೇಳಿಟ್ಟರೂ ಆಯಿತು. "ಆ್ಯಪ್ ಎಲ್ಲಿ?" ಅಂತ ಕಾರ್ಯದರ್ಶಿಗೆ ಸ್ವಲ್ಪ ಬೇಸರವಾಯಿತು. ಮೀಟಿಂಗಿನಲ್ಲಿ ತೋರಿಸೋಕೆ ಏನಾದರೂ ಬೇಕಿತ್ತು ಅವರಿಗೆ. ಅವರ ಕಷ್ಟವೂ ನಿಜವೇ.

ಕೋಡಿಗಿಂತ ಹೆಚ್ಚು ಹೊತ್ತು ಹಿಡಿದದ್ದು ಒಂದು ಸಾಲಿನ ಮೆಸೇಜು. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ. ಕನ್ನಡ ಯುನಿಕೋಡ್ ಆದ್ದರಿಂದ 70. ಅದರಲ್ಲೂ ನಾವು ಎಣಿಸುವ ಅಕ್ಷರ ಬೇರೆ, ಯಂತ್ರ ಎಣಿಸುವುದು ಬೇರೆ. "ನಾಳೆ" ನಮಗೆ ಎರಡು, ಅದಕ್ಕೆ ನಾಲ್ಕು. "ಮ್ಮ" ನಮಗೆ ಒಂದು, ಅದಕ್ಕೆ ಮೂರು. 70 ದಾಟಿದರೆ ಎರಡು ಮೆಸೇಜಿನ ಖರ್ಚು. ಕತ್ತರಿಸಿ ಕತ್ತರಿಸಿ ಇಲ್ಲಿಗೆ ತಂದೆ:

"ನಾಳೆ ನಿಮ್ಮ ತೋಟ. ಮೈಲುತುತ್ತ ರಾತ್ರಿ ನೆನೆಹಾಕಿ. ಮಳೆಯಾದರೆ ಹೊಳವಾದ ದಿನ."

63. ಸಂಸ್ಥೆಗಳು ಕಳಿಸುವ ಇಂಥ ಮೆಸೇಜಿನ ಪಠ್ಯವನ್ನು ನಮ್ಮ ದೇಶದಲ್ಲಿ ಮೊದಲೇ ನೋಂದಾಯಿಸಿ ಒಪ್ಪಿಗೆ ತೆಗೆದುಕೊಳ್ಳಬೇಕು. ಆಮೇಲೆ ಮಾತು ಬದಲಿಸಬೇಕಾದರೆ ಮತ್ತೆ ಅರ್ಜಿ. ಅಂದರೆ ಕೋಡ್ ಯಾವಾಗ ಬೇಕಾದರೂ ತಿದ್ದಬಹುದು, ಮಾತನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಇದು ಗೊತ್ತಿದ್ದೂ ಆ ಸಾಲಿನ ಮೊದಲ ಪದದಲ್ಲೇ ತಪ್ಪಿದೆ.

ಜುಲೈ

ಎರಡನೇ ಔಷಧಿಗೆ ನಿಜವಾಗಿ ಬಿಟ್ಟೆವು. ನಾಲ್ಕು ದಿನ ಸುಸೂತ್ರ. ಐದನೇ ದಿನ ಮಳೆ ಹಿಡಿಯಿತು. ಮರ ಬಿದ್ದು ಕರೆಂಟ್ ಹೋಯಿತು. ಮರುದಿನ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯಿತು. ಮಲೆನಾಡಿನ ಜುಲೈ ಅಂದರೆ ಇದೇ, ಹೊಸದೇನಲ್ಲ. ನಮ್ಮ ಎಣಿಕೆ, ನೆಟ್‌ವರ್ಕ್ ಇಲ್ಲದಿದ್ದರೆ ಮೆಸೇಜು ಹೋಗುವುದಿಲ್ಲ, ಅಷ್ಟೇ ತಾನೆ ಅಂತ.

ಹೋಗದೆ ಇರಲಿಲ್ಲ. ಕಾದು ಕೂತಿತ್ತು. ಮೂರನೇ ದಿನ ಸಂಜೆ ಟವರು ಜೀವ ಬಂದದ್ದೇ ತಡ, ಎರಡು ದಿನ ಹಿಂದೆ ಕಳಿಸಿದ "ನಾಳೆ ನಿಮ್ಮ ತೋಟ" ಅನ್ನುವ ಮೆಸೇಜು ಎರಡು ಮನೆಗೆ ಹೋಗಿ ಬಿತ್ತು. ಎರಡೂ ಮನೆಯವರು ಮೈಲುತುತ್ತ ನೆನೆಹಾಕಿದರು. ಒಬ್ಬರದು ಬಚಾವು. ಮೈಲುತುತ್ತದ ನೀರು ಹಾಗೇ ಇಟ್ಟರೆ ಕೆಡುವುದಿಲ್ಲ, ಸುಣ್ಣ ಸೇರಿಸಬಾರದು ಅಷ್ಟೇ. ಇನ್ನೊಬ್ಬರು ಉತ್ಸಾಹಿ. ಬೆಳಿಗ್ಗೆ ಆರಕ್ಕೇ ಎದ್ದು ಮೊದಲ ಡ್ರಮ್ಮಿಗೆ ಸುಣ್ಣ ಸೇರಿಸಿ, ಚಾಕು ಅದ್ದಿ ನೋಡಿ, ಬಾಗಿಲಲ್ಲಿ ಕಾದರು. ಯಾರೂ ಬರಲಿಲ್ಲ. ಅವತ್ತು ಅವರ ಅಂಗಳಕ್ಕೆ ಹೋದಾಗ ಡ್ರಮ್ಮಿನಲ್ಲಿ ಆಕಾಶದ ಬಣ್ಣದ ಔಷಧಿ ತುಂಬಿ ನಿಂತಿತ್ತು. ಆಕಾಶದಲ್ಲಿ ಮಾತ್ರ ಆ ಬಣ್ಣ ಇರಲಿಲ್ಲ. ಅವರು ಬೈಯಲಿಲ್ಲ. "ಯಾವತ್ತಿನ ನಾಳೆ ಮಾರಾಯಾ ಇದು?" ಅಂದರು. ಆ ಡ್ರಮ್ಮಿನ ದುಡ್ಡು ನಾನು ಕೊಟ್ಟೆ.

"ನಾಳೆ" ಅನ್ನುವುದು ಹೇಳಿದ ದಿನ ಮಾತ್ರ ನಿಜ. ಎದುರು ನಿಂತು ಹೇಳುವಾಗ ತೊಂದರೆ ಇಲ್ಲ, ಎಲ್ಲೋ ಕಾದು ಬರುವ ಮೆಸೇಜಿನಲ್ಲಿ ಅದು ಇರಬಾರದು. ವಾರದ ಹೆಸರು ಹಾಕಿದೆವು. "ಶುಕ್ರವಾರ ನಿಮ್ಮ ತೋಟ." ವಾರಗಳಲ್ಲಿ ಶುಕ್ರವಾರವೇ ಉದ್ದ, ಎಂಟು. ಎಣಿಸಿದೆ, 67. ಹಿಡಿಯಿತು. ತಾರೀಕನ್ನು ಬಾಗಿಲಿಂದ ಆಚೆ ಕಳಿಸಿದ್ದೆ, ವಾರದ ವೇಷ ಹಾಕಿಕೊಂಡು ಕಿಟಕಿಯಿಂದ ಒಳಗೆ ಬಂತು. ಜತೆಗೆ ಮೆಸೇಜಿಗೆ ಆಯಸ್ಸು ಇಟ್ಟೆವು. ಕೆಲವು ಗಂಟೆಯೊಳಗೆ ಮುಟ್ಟದಿದ್ದರೆ ಅದು ಸತ್ತಂತೆ. ಪಠ್ಯಕ್ಕೆ ಹೊಸ ಒಪ್ಪಿಗೆ ಬರುವವರೆಗೆ ಮತ್ತೆ ನಾನೇ ಫೋನ್ ಮಾಡುತ್ತಿದ್ದೆ. ನೆಟ್‌ವರ್ಕ್ ಸತ್ತ ದಿನಕ್ಕೆ ಅಂತ ಹಾಲಿನ ಡೇರಿಯಲ್ಲಿ ಒಂದು ಕರಿಹಲಗೆ ತೂಗಿಸಿದೆವು. ಕೊನೆಗೌಡರ ಮಗ ಸಂಜೆ ಹಾಲು ಹಾಕಲು ಬರುವಾಗ ಮರುದಿನದ ಮನೆ ಹೆಸರು ಬರೆಯುತ್ತಾನೆ. ಅದರ ಮೇಲೆ "ನಾಳೆ" ಅಂತಲೇ ಇದೆ. ಅಲ್ಲಿ ಪರವಾಗಿಲ್ಲ, ಬೆಳಿಗ್ಗೆ ಅಳಿಸುತ್ತಾರೆ.

ಈಗ

ಈ ವರ್ಷ ಮೂರೂ ತಂಡದವರು ಬಳಸಿದರು. ಅಕ್ಕನ ಲೆಕ್ಕದಲ್ಲಿ, "ಸಂಜೆ ಅನ್ನ ಬಸಿಯೋಕೆ ಪುರಸೊತ್ತು ಸಿಗ್ತದೆ ಈಗ." ಅದಕ್ಕಿಂತ ಒಳ್ಳೆಯ ಅಳತೆ ನನ್ನ ಹತ್ತಿರ ಇಲ್ಲ. ಅವರ ಫೋನಿನ ಕರೆಗಳನ್ನು ಎಣಿಸಿ ನೋಡೋಣ ಅಂತ ಒಮ್ಮೆ ಅಂದುಕೊಂಡಿದ್ದೆ, ಕೇಳಲು ಮನಸ್ಸಾಗಲಿಲ್ಲ. ಆ ಅಜ್ಜಿ ಪುಟದಲ್ಲಿ ಹೇಳಿಡುತ್ತಾರೆ, ಆಮೇಲೆ "ಹೇಳಿಟ್ಟಿದೀನಿ" ಅಂತ ಅಕ್ಕನಿಗೆ ಫೋನೂ ಮಾಡುತ್ತಾರೆ. ಅದನ್ನು ಸರಿಪಡಿಸುವ ಯೋಚನೆ ಇಲ್ಲ.

ನಮ್ಮನೆಯಲ್ಲಿ ಮೊನ್ನೆ ಪಾಳಿ ಬಂದಾಗ ಮೆಸೇಜು ಸಂಜೆ ಏಳೂವರೆಗೆ ಬಂತು. ಅಪ್ಪನಿಗೆ ತೋರಿಸಲು ಹೋದರೆ ಅವರು ಆಗಲೇ ಗೋಣಿ ಕಟ್ಟಿ ಡ್ರಮ್ಮಿಗೆ ಇಳಿಬಿಟ್ಟಾಗಿತ್ತು. "ಮಧ್ಯಾಹ್ನವೇ ಪಂಪಿನ ಸದ್ದು ಕೆಳಗಿನ ತೋಟಕ್ಕೆ ಬಂತಲ್ಲೋ" ಅಂದರು.

ಮುಂದಿನ ಕೆಲಸ ಅಕ್ಕನೇ ಕೊಟ್ಟಿದ್ದಾರೆ. ತಂಡದವರು ಮಜೂರಿ ಹಂಚಿಕೊಳ್ಳುವುದು ಡ್ರಮ್ಮಿನ ಲೆಕ್ಕದಲ್ಲಿ. ಯಾರ ಮನೆಯಲ್ಲಿ ಎಷ್ಟು ಡ್ರಮ್ ಆಯಿತು, ಅವತ್ತು ಯಾರ್ಯಾರು ಬಂದಿದ್ದರು ಅಂತ ಕೊನೆಗೆ ಒಂದೇ ಕಡೆ ಕಾಣಬೇಕಂತೆ. ಈಗ ಎಲ್ಲಿ ಬರೆದಿಡುತ್ತೀರಿ ಅಂತ ಕೇಳಿದೆ. ಅಡುಗೆಮನೆ ಬಾಗಿಲ ಕಡೆ ಕೈ ತೋರಿಸಿದರು. ಹೊಸ ಕ್ಯಾಲೆಂಡರ್, ಬಾಣದ ಗುರುತು ಒಂದೂ ಇಲ್ಲ. ಚೌಕಗಳ ತುಂಬಾ ಸಣ್ಣ ಸಣ್ಣ ಗೀಟು. ಕೆಲವು ಗೀಟಿನ ಮೇಲೆ ಅಡ್ಡ ಗೀಟು, ಕೆಲವಕ್ಕೆ ಸುತ್ತ ಸೊನ್ನೆ. ಫೋಟೋ ತೆಗೆದುಕೊಂಡು ಬಂದಿದ್ದೇನೆ. ಸೊನ್ನೆ ಯಾಕೆ ಅಂತ ಇನ್ನೂ ಕೇಳಬೇಕು.